ಉಣ್ಣೆ ಸಂಘಕ್ಕೆ ಒಮ್ಮತ ಬಂದದ್ದು

ನನ್ನ ಕೆಲಸಕ್ಕೆ ಈಗ ಸೇರಿಕೊಂಡಿರುವ ಹುಡುಗಿ ಮೊನ್ನೆ ಇಳಕಲ್ಲಿಗೆ, ನಮ್ಮ ಮನೆಗೆ ಬಂದಿದ್ದಳು. ಒಳ್ಳೆಯ ಹುಡುಗಿ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ್ದಾಳೆ, ಹಿರಿಯರನ್ನು ಕಂಡರೆ ಕಾಲು ಮುಟ್ಟುತ್ತಾಳೆ, ಚಹಾಕ್ಕೆ ಸಕ್ಕರೆ ಬೇಡ ಅನ್ನುತ್ತಾಳೆ. "ಅಕ್ಕಾರ, ನಿಮ್ಮ ಅನುಭವ ಹೇಳ್ರಿ, ನಾ ದಾಖಲೆ ಮಾಡ್ಕೋತೇನಿ" ಎಂದು ಲ್ಯಾಪ್‌ಟಾಪ್ ತೆರೆದು ಕೂತಳು. ನಾನು ಹೇಳುತ್ತ ಹೋದ ಹಾಗೆ ಅವಳು ನನ್ನ ಬದುಕನ್ನು 'ಸವಾಲುಗಳು', 'ಕಲಿಕೆಗಳು', 'ಮುಂದಿನ ಹೆಜ್ಜೆಗಳು' ಎಂಬ ಅಂಕಣಗಳಿಗೆ ಹಂಚತೊಡಗಿದಳು. ನಾನು ಹೊಟ್ಟೆ ಹಿಡಿದು ನಕ್ಕಿದ್ದ ಸಂಗತಿಯೊಂದು ಸವಾಲಿಗೆ ಹೋಗಿ ಕೂತಿತು. ಕಣ್ಣಲ್ಲಿ ನೀರು ತರಿಸಿದ್ದು ಕಲಿಕೆಯಾಯಿತು. ಅವಳಿಗೆ ಊಟ ಹಾಕಿ ಕಳಿಸಿದ ಮೇಲೆ ಅನ್ನಿಸಿತು, ಇದನ್ನು ನಾನೇ ಬರೆಯುವುದು ಚಲೋ.

ನಾನು ಸುಶೀಲಾ, ಇಳಕಲ್ಲಿನ ನೇಕಾರರ ಮಗಳು. ಹುನಗುಂದದ ಕಡೆ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ 'ಕ್ಷೇತ್ರ ಸಂಯೋಜಕಿ' ಆಗಿದ್ದೆ. ಹಾಗೆಂದರೇನು ಎಂದು ಹೊಸಬರು ಕೇಳುತ್ತಾರೆ. ಹಳ್ಳಿಯವರು ಹೇಳಿದ್ದನ್ನು ಮೇಲಿನವರಿಗೆ ಮೆತ್ತಗೆ ಮಾಡಿ ಹೇಳುವುದು, ಮೇಲಿನವರು ಹೇಳಿದ್ದನ್ನು ಹಳ್ಳಿಯವರಿಗೆ ಹೇಳದೇ ಇರುವುದು. ಎರಡನ್ನೂ ನಾನು ನಿಷ್ಠೆಯಿಂದ ಮಾಡಿದೆ. ಅದಕ್ಕೇ ನಿವೃತ್ತಿಯ ದಿನ ಶಾಲು ಹೊದಿಸಿದರು.

ನನಗೆ ವಹಿಸಿದ್ದು ಉಣ್ಣೆ ಸಂಘ. ನಮ್ಮ ಹೆಣ್ಣುಮಕ್ಕಳು ಮಾಡುತ್ತಿದ್ದದ್ದು ಕಂಬಳಿಯಲ್ಲ. ಅದರಲ್ಲಿ ನೂಲುವುದೂ ಇಲ್ಲ, ನೇಯುವುದೂ ಇಲ್ಲ. ಹಿಂಜಿದ ಕುರಿಯುಣ್ಣೆಯನ್ನು ಚಾಪೆಯ ಮೇಲೆ ಪದರು ಪದರಾಗಿ ಹಾಸಿ, ಸಾಬೂನಿನ ಬಿಸಿನೀರು ಚಿಮುಕಿಸಿ, ಚಾಪೆ ಸಮೇತ ಸುರುಳಿ ಸುತ್ತಿ, ಸಾಲಾಗಿ ಮೊಣಕಾಲೂರಿ ಕೂತು, ಎಲ್ಲರೂ ಒಂದೇ ಲಯದಲ್ಲಿ ಮುಂಗೈಯಿಂದ ಒತ್ತಿ ಒತ್ತಿ ಉರುಳಿಸಬೇಕು. ಒಂದು ಕೈ ಹಿಂದೆ ಬಿದ್ದರೂ ಆ ಕಡೆ ಹಾಸು ತೆಳ್ಳಗಾಗುತ್ತದೆ. ಅರ್ಧ ದಿನ ಉರುಳಿಸಿದ ಮೇಲೆ ಉಣ್ಣೆಯ ಎಳೆಗಳು ಒಂದಕ್ಕೊಂದು ಬಿಡದ ಹಾಗೆ ಕಚ್ಚಿಕೊಂಡು ಗಟ್ಟಿ ಹಾಸಾಗುತ್ತದೆ. ಮೊದಲು ಕುದುರೆಯ ಬೆನ್ನಿಗೆ, ಗದ್ದುಗೆಗೆ, ನಮಾಜಿಗೆ ಅಂತ ಮಾಡುತ್ತಿದ್ದರು. ಈಗ ಪಟ್ಟಣದವರು ಗೋಡೆಗೆ ತೂಗುಹಾಕಲು ಒಯ್ಯುತ್ತಾರೆ. ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮಪ್ಪ ಮಗ್ಗದ ಕುಣಿಯಲ್ಲಿ ಕೂತೇ ಕೇಳಿದ್ದರು, "ಹಾಸಿಲ್ಲ, ಹೊಕ್ಕಿಲ್ಲ, ಅದೆಂಥಾ ಬಟ್ಟಿವಾ?" ಅವರು ತೀರಿಕೊಳ್ಳುವವರೆಗೂ ಅದನ್ನು ಬಟ್ಟೆ ಎಂದು ಒಪ್ಪಲಿಲ್ಲ.

ಸಂಘದಲ್ಲಿ ಹೆಚ್ಚಿನವರು ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ ನದಾಫ ಮನೆತನದ ಮುಸಲ್ಮಾನ ಹೆಣ್ಣುಮಕ್ಕಳು. ಕುರಿ ಸಾಕುವ ಮನೆಗಳಿಂದ ಬಂದವರು ಕೆಲವರು, ಮಗ್ಗ ಬಿಟ್ಟ ಮನೆಗಳಿಂದ ಬಂದ ನೇಕಾರರ ಸೊಸೆಯಂದಿರು ಕೆಲವರು. ಇವರಲ್ಲಿ ನೀವು ಇಬ್ಬರನ್ನು ನೆನಪಿಟ್ಟುಕೊಂಡರೆ ಸಾಕು. ಒಬ್ಬಳು ಬಸವ್ವ, ಕುರಿಯವರ ಮನೆಯವಳು. ಉಣ್ಣೆ ಆರಿಸುವವಳು. ಮಾತು ಕಡಿಮೆ, ಆದರೆ ಆಡಿದ್ದು ಯಾವಾಗಲೂ ಅನಾನುಕೂಲದ್ದು. ಇನ್ನೊಬ್ಬಳು ಖಾತೂನಬಿ. ಉರುಳಿಸುವ ಸಾಲಿನಲ್ಲಿ ನಡುವೆ ಕೂತು ಲಯ ಹಿಡಿಯುವವಳು ಅವಳೇ. ಜೋರುಬಾಯಿ. ತನ್ನ ಪಾಲಿನ ಬಿಸಿನೀರನ್ನು ಯಾರಾದರೂ ಮುಟ್ಟಿದರೆ ಅವರ ಮೂರು ತಲೆಮಾರು ನೆನಪಿಸುವವಳು. ಕೆಲಸ ಮಾತ್ರ ಅಪ್ಪಟ.

ಇನ್ನು ಮೇಲಿನವರು. ನಮ್ಮ ನಿರ್ದೇಶಕರು ಪಾಟೀಲ ಸರ್. ಒಮ್ಮೆ ಯಾವುದೋ ಗಿರಿಧಾಮದಲ್ಲಿ ನಡೆದ ಸಭೆಗೆ ಹೋಗಿ ಬಂದವರು ಬೇರೆಯೇ ಮನುಷ್ಯನಾಗಿ ಬಂದರು. "ನೋಡ್ರಿ ಸುಶೀಲಾ ಅವರ, ನಮ್ಮ ಮಂದಿ ಬರೇ ದುಡೀತಾರ. ಕೂತು ಚಿಂತನಿ ಮಾಡಂಗೇ ಇಲ್ಲ" ಎಂದರು. ಅವತ್ತಿನಿಂದ ವರ್ಷಕ್ಕೊಂದು ಚಿಂತನ ಶಿಬಿರ. ಊರು ಬಿಟ್ಟು ಹೊರಗೆ ಹೋಗಿ ಎರಡು ದಿನ ಉಳಿಯುವುದು, ಕೆಲಸ ಮುಟ್ಟದಿರುವುದು, ಯೋಚಿಸುವುದು. ಜೊತೆಗೆ ಒಂದು ಕಟ್ಟಪ್ಪಣೆ: ಒಮ್ಮತ ಬರದೆ ಯಾವ ಶಿಬಿರವೂ ಮುಗಿಯತಕ್ಕದ್ದಲ್ಲ. ಬಹುಮತವಲ್ಲ, ಒಮ್ಮತ. ಆ ಶಬ್ದವನ್ನು ಹೇಳುವಾಗ ಅವರು ಎರಡೂ ಕೈ ಜೋಡಿಸಿ ಬೆರಳು ಹೆಣೆದು ತೋರಿಸುತ್ತಿದ್ದರು.

ಶಿಬಿರ ನಡೆಸಿಕೊಡಲು ಬೆಂಗಳೂರಿನಿಂದ ನಂದಿತಾ ಮೇಡಂ ಬರುತ್ತಿದ್ದರು. ಮೃದು ಸ್ವಭಾವ, ಖಾದಿ ಸೀರೆ, ಒಂದು ಚೀಲ ತುಂಬ ಬಣ್ಣದ ಪೆನ್ನು. ಕೆಟ್ಟವರಲ್ಲ. ಅದೇ ತೊಂದರೆ, ಕೆಟ್ಟವರಾಗಿದ್ದರೆ ನಮ್ಮ ಹೆಣ್ಣುಮಕ್ಕಳು ಒಂದೇ ದಿನದಲ್ಲಿ ಓಡಿಸುತ್ತಿದ್ದರು.

ಮೊದಲ ಶಿಬಿರ ಬಾದಾಮಿಯಲ್ಲಿ, ಒಂದು ವಸತಿಗೃಹದ ಮಾಳಿಗೆಯ ಮೇಲೆ. ಬೆಳಿಗ್ಗೆ ಉಪ್ಪಿಟ್ಟು ಚಹಾ ಆದ ಮೇಲೆ ಎಲ್ಲರನ್ನೂ ಜಮಖಾನದ ಮೇಲೆ ಗೋಲಾಗಿ ಕೂಡಿಸಿದರು. "ಎಲ್ಲರೂ ನಿಧಾನವಾಗಿ ಕಣ್ಣು ಮುಚ್ಚಿಕೊಳ್ಳಿ. ನಿಮ್ಮೊಳಗೆ ಒಂದು ನದಿ ಇದೆ. ಆ ನದಿಯ ದಡಕ್ಕೆ ಹೋಗಿ ಕೂತ್ಕೊಳ್ಳಿ" ಎಂದರು ನಂದಿತಾ ಮೇಡಂ.

ಬಸವ್ವ ನನ್ನ ಕಿವಿಯಲ್ಲಿ ಕೇಳಿದಳು, "ಯಾವ ಹೊಳೀರಿ, ಮಲಪ್ರಭಾನೋ ಕೃಷ್ಣಾನೋ?"

"ಯಾವುದಾರೆ ಆಗಲಿ, ಸುಮ್ಮ ಕೂಡು" ಅಂದೆ.

ಸುಮ್ಮನೇ ಕೂತರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಪಕ್ಕಕ್ಕೆ ವಾಲಿದರು. ಆಮೇಲೆ ಮಲಗಿಯೇ ಬಿಟ್ಟರು. ಕೋಳಿ ಕೂಗುವ ಮೊದಲು ಎದ್ದು, ನೀರು ತುಂಬಿ, ಮನೆಮಂದಿಗೆಲ್ಲ ಎರಡು ಹೊತ್ತಿನ ರೊಟ್ಟಿ ಬಡಿದಿಟ್ಟು ಬಸ್ಸು ಹತ್ತಿದ ಹೆಣ್ಣುಮಕ್ಕಳು. ಕಣ್ಣು ಮುಚ್ಚಿರಿ ಎಂದು ಅವರಿಗೆ ಯಾರಾದರೂ ಹಗಲುಹೊತ್ತಿನಲ್ಲಿ ಹೇಳಿದ್ದು ಅದೇ ಮೊದಲು. ಊಟದ ಗಂಟೆ ಹೊಡೆಯುವವರೆಗೆ ಒಬ್ಬರೂ ಮಿಸುಕಲಿಲ್ಲ. ಖಾತೂನಬಿ ಮಾತ್ರ ಸಣ್ಣಗೆ ಗೊರಕೆ ಹೊಡೆದಳು, ಅದೂ ಲಯ ತಪ್ಪದೆ.

ನಂದಿತಾ ಮೇಡಂ ಕಣ್ಣು ತೆರೆದು ನನ್ನ ಕೈ ಹಿಡಿದರು. "ಸುಶೀಲಾ, ಇಷ್ಟು ಆಳವಾದ ಮೌನವನ್ನ ನಾನು ಎಲ್ಲೂ ನೋಡಿಲ್ಲ" ಎಂದರು. ವರದಿಯಲ್ಲಿ ನಾನು ಅದನ್ನೇ ಬರೆದೆ: 'ಸದಸ್ಯೆಯರು ಆಳವಾದ ಮೌನವನ್ನು ಅನುಭವಿಸಿದರು.' ಅದರಲ್ಲಿ ಸುಳ್ಳೇನೂ ಇರಲಿಲ್ಲ. ಈ ಒಂದು ವಾಕ್ಯ ಮುಂದೆ ಇಟ್ಟಂಗಿ ಸಿಮೆಂಟು ಆಗುತ್ತದೆ ಎಂದು ಗೊತ್ತಿದ್ದರೆ ಕೈ ತಡೆಯುತ್ತಿದ್ದೆನೇನೋ.

ಮಧ್ಯಾಹ್ನ ಪಂಕ್ತಿಯಲ್ಲಿ ಕೂತು ಉಂಡರು. ಬಡಿಸುವವರು ಬೇರೆಯವರು. ಖಾತೂನಬಿ ಮೂರನೆಯ ಸಲ ಸಾರು ಹಾಕಿಸಿಕೊಂಡು, ಬೆರಳು ನೆಕ್ಕುತ್ತ, "ಅಕ್ಕಾ, ಮುಂದಿನ ಚಿಂತನಿ ಯಾವಾಗ್ರಿ?" ಎಂದಳು.

ಈ ಶಿಬಿರಗಳಿಗೆ ಹಾಜರಿ ತಪ್ಪುತ್ತಿರಲಿಲ್ಲ. ಬಾಣಂತಿಯರೂ ಕೂಸು ಕಟ್ಟಿಕೊಂಡು ಬರುತ್ತಿದ್ದರು. ಪಾಟೀಲ ಸರ್ ಇದನ್ನು ವೈಚಾರಿಕ ಜಾಗೃತಿ ಎಂದು ಕರೆದರು.

ನಡುವೆ ಯಂತ್ರವೂ ಬಂತು. ಮೊದಲು ಉಣ್ಣೆಯನ್ನು ಬಿಲ್ಲಿನಿಂದ ಹಿಂಜುತ್ತಿದ್ದರು, ಎದೆಯ ತುಂಬ ಧೂಳು ತುಂಬುತ್ತಿತ್ತು. ಯಂತ್ರ ಬರುತ್ತದೆ ಅಂದಾಗ ನಿಜವಾಗಿ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಸರ್ ತರಿಸಿದ್ದು ರೇಶಿಮೆಯಂಥ ವಿದೇಶಿ ಉಣ್ಣೆಗೆ ಮಾಡಿದ ಯಂತ್ರ. ನಮ್ಮ ಕುರಿಗಳು ಜಾಲಿಯ ಗಿಡಗಳಲ್ಲಿ ಮೇಯುವಂಥವು, ಉಣ್ಣೆಯ ತುಂಬ ಮುಳ್ಳು. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿ, ಕಾಯಿ ಒಡೆದು, ಒಂದು ಬುಟ್ಟಿ ಉಣ್ಣೆ ಹಾಕಿದರು. ಯಂತ್ರ ಒಂದು ಸಲ ಕೆಮ್ಮಿತು, ಒಳಗಿನಿಂದ ಹಲ್ಲು ಮುರಿದ ಸದ್ದು ಬಂತು, ನಿಂತಿತು. ಮಾನ್ಯ ಅತಿಥಿಗಳು ನಿಂತ ಯಂತ್ರದ ಮುಂದೆಯೇ ಪ್ರಗತಿಯ ಬಗ್ಗೆ ಭಾಷಣ ಮಾಡಿದರು. ಹಲ್ಲು ದಪ್ಪಗಿರುವ ಬೇರೆ ಯಂತ್ರ ಬಂದು ಎಲ್ಲ ಸರಿಹೋಗಲು ಎರಡು ಮಳೆಗಾಲ ಹಿಡಿಯಿತು. ಅಲ್ಲಿವರೆಗೆ ಮೊದಲನೆಯದರ ಮೇಲೆ ತೊಳೆದ ಉಣ್ಣೆ ಒಣಹಾಕಿದೆವು. ಆ ಕೆಲಸಕ್ಕೆ ಅದು ಉತ್ತಮವಾಗಿತ್ತು.

ಹಿಂಜುವುದಕ್ಕೆ ಯಂತ್ರ ಬಂದರೂ ಉರುಳಿಸುವುದು ಕೈಗೇ ಉಳಿಯಿತು. ಇದನ್ನು ನೆನಪಿಡಿ.

ಇನ್ನೊಂದು ವರ್ಷ ಶಿಬಿರ ತುಳಸಿಗೇರಿಯಲ್ಲಿ. ತಾರೀಖು ಗೊತ್ತು ಮಾಡಿದ್ದು ಪಾಟೀಲ ಸರ್. ಅದು ರಮಜಾನ್ ತಿಂಗಳು, ಮೇಲಾಗಿ ಶನಿವಾರ. ನಾನು ಹೇಳಿದೆ, "ಸರ್, ಅವತ್ತು ಹನುಮಪ್ಪನ ವಾರ, ಮಂದಿ ಕಾಲಿಡಾಕ ಜಾಗ ಇರಂಗಿಲ್ಲ. ಅದರಾಗ ನಮ್ಮವರು ಅರ್ಧಕ್ಕರ್ಧ ರೋಜಾ ಇರ್ತಾರ." ಸರ್ ಕ್ಯಾಲೆಂಡರ್ ನೋಡಿ, "ಮೇಡಮ್ಮಾರ ಟಿಕೀಟ್ ಬುಕ್ ಆಗೈತಲ್ಲ" ಎಂದರು. ದೊಡ್ಡ ದೊಡ್ಡ ನಿರ್ಣಯಗಳು ಹೇಗೆ ಆಗುತ್ತವೆ ಎಂದು ತಿಳಿಯಬಯಸುವ ಹೊಸಬರು ಈ ವಾಕ್ಯವನ್ನು ಬರೆದಿಟ್ಟುಕೊಳ್ಳಬೇಕು.

ಹೊರಗೆ ಗುಡಿಯ ಧ್ವನಿವರ್ಧಕ, ತೆಂಗಿನಕಾಯಿಯ ಸದ್ದು. ಒಳಗೆ ನಂದಿತಾ ಮೇಡಂ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಆ ದಿನದ ವಿಷಯ ಬರೆದರು: 'ನಮ್ಮ ಹಸಿವು ಏನು?'

ಬೆಳಗಿನ ಜಾವದಿಂದ ಒಂದು ಗುಟುಕು ನೀರೂ ಕುಡಿಯದ ಹೆಣ್ಣುಮಕ್ಕಳು ಹಾಳೆಯನ್ನೇ ನೋಡಿದರು.

"ಯಾರಾದರೂ ಹಂಚಿಕೊಳ್ಳಿ. ಸಂಕೋಚ ಬೇಡ."

ಖಾತೂನಬಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ನಮ್ಮ ಹಸಿವಿ ಸಂಜಿ ತನಕಾ ಹೇಳಬಾರದ್ರಿ ಮೇಡಂ" ಎಂದು ಕೂತಳು.

ಮೇಡಂ ಮುಖ ಕೆಂಪಾಯಿತು. ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೇ, ನಾನು ಟಿಕೀಟಿನ ಮರ್ಯಾದೆ ಕಾಯ್ದಿದ್ದೆ. ಅವತ್ತು ಮೇಡಂ ತಾವೂ ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಎಲ್ಲರ ಜೊತೆ ಕೂತು ಖರ್ಜೂರ ತಿಂದರು. ಅಲ್ಲಿಂದ ಮುಂದೆ ನಮ್ಮವರು ಅವರನ್ನು ಸ್ವಲ್ಪ ಸೈರಿಸಿಕೊಂಡರು.

ಇಷ್ಟರಲ್ಲಿ ಸಂಘಕ್ಕೆ ಮರೋಳದ ರಸ್ತೆಗೆ ಒಂದು ಜಾಗ ಸಿಕ್ಕಿತು. ಸದಸ್ಯೆಯರ ಮನೆಗಳು, ಒಂದು ಕೆಲಸದ ಶೆಡ್ಡು, ನೀರಿನ ಟಾಕಿ, ಉಣ್ಣೆ ಒಣಗಿಸಲು ಬಯಲು, ಎಲ್ಲ ಒಂದೇ ಕಡೆ. ಬಾಡಿಗೆಯ ಕತ್ತಲ ಕೋಣೆಯಲ್ಲಿ ಒದ್ದೆ ಹಾಸು ಒಣಗಿಸಲಾರದೆ ಒದ್ದಾಡಿದವರಿಗೆ ಇದು ಸಣ್ಣ ಮಾತಲ್ಲ. ಇದಕ್ಕೆ ಪಾಟೀಲ ಸರ್ 'ಸಾಮೂಹಿಕ ಬದುಕಿನ ಯೋಜನೆ' ಎಂದು ಹೆಸರಿಟ್ಟರು. ನಕ್ಷೆ ಬರೆಯಲು ಪಟ್ಟಣದಿಂದ ಒಬ್ಬ ಯುವಕ ಬಂದ. ನಕ್ಷೆಯ ನಟ್ಟನಡುವೆ ಒಂದು ಗುಂಡನೆಯ ಕಟ್ಟಡ, ಸುತ್ತಲೂ ಕಿಟಕಿ, ಮೇಲೆ ಹೊಗೆ ಹೋಗಲೋ ಗಾಳಿ ಬರಲೋ ಒಂದು ತೂತು.

"ಇದೇನ್ರಿ ಸರ್?" ಅಂದೆ.

"ಮೌನ ಕೇಂದ್ರ" ಎಂದರು ಪಾಟೀಲ ಸರ್. "ಬಾದಾಮಿ ವರದಿ ದಾನಿಗಳಿಗೆ ಭಾಳ ಹಿಡಿಸೇತಿ. ನಮ್ಮ ಹೆಣ್ಣುಮಕ್ಕಳ ಮೌನಕ್ಕ ಒಂದು ಮನಿ ಕಟ್ಟಿಸಿಕೊಡ್ತಾರಂತ."

ನನ್ನ ಒಂದು ವಾಕ್ಯಕ್ಕೆ ಅಡಿಪಾಯ ಬಿದ್ದದ್ದು ಹೀಗೆ.

ಮನೆಗಳನ್ನು ಸದಸ್ಯೆಯರೇ ಯೋಜಿಸಬೇಕೆಂದು ಒಂದು ದಿನ ಎಲ್ಲರನ್ನೂ ಆ ಬಯಲಿಗೆ ಕರೆದೊಯ್ದೆವು. ಕೈಗೆ ಸುಣ್ಣದ ಪುಡಿ ಕೊಟ್ಟು, "ನಿಮ್ಮ ಕನಸಿನ ಮನೆಯನ್ನ ನೆಲದ ಮೇಲೆ ಬರೀರಿ" ಎಂದರು ಮೇಡಂ. ಪಡಸಾಲೆ, ಬಚ್ಚಲು, ದನ ಕಟ್ಟುವ ಜಾಗ, ಎಲ್ಲ ಬರೆದರು. ಖಾತೂನಬಿಯ ಮನೆಯಲ್ಲಿ ಅಡಿಗೆಮನೆ ಇತ್ತು, ಒಲೆ ಬರೆದಿರಲಿಲ್ಲ.

"ಒಲೆ ಎಲ್ಲಮ್ಮ?" ಎಂದರು ಮೇಡಂ.

ಅವಳು ಗದ್ದ ಎತ್ತಿ, ನಡುವೆ ಕೆಂಪು ಬಾವುಟ ನೆಟ್ಟಿದ್ದ ಕಡೆ ತೋರಿಸಿದಳು. "ರೊಟ್ಟಿ ಒಲಿ ಅಲ್ಲೈತ್ರಿ. ಎಲ್ಲಾರದೂ ಕೂಡೇ."

"ಅದು ಮೌನ ಕೇಂದ್ರ!"

"ಇರ್ಲಿ ಬಿಡ್ರಿ. ರೊಟ್ಟಿ ಬಡಿಯೋರಿಗೆ ಮಾತಾಡಾಕ ಪುರಸೊತ್ತು ಎಲ್ಲಿರ್ತೈತಿ? ಮೌನನ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವಳು ಸುಣ್ಣದ ಬುಟ್ಟಿಯನ್ನು ಎಡಗೈಯಲ್ಲಿ ಹಿಡಿದಿದ್ದಳು, ಎಡಗೈಯಲ್ಲೇ ಗೆರೆ ಎಳೆದಿದ್ದಳು. ವಾಪಸು ಬರುವಾಗ ಹಿಂದೆ ಉಳಿದು ಕೇಳಿದೆ, "ಬಲಗೈಗೆ ಏನಾಗೇತಿ?"

"ಏನಿಲ್ಲಕ್ಕಾ."

"ಎತ್ತು ನೋಡೋಣು."

ಎದೆಯ ಮಟ್ಟಕ್ಕೆ ಬಂದು ಕೈ ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಟ್ಟು ಎಷ್ಟೋ ತಿಂಗಳಾಯಿತು ಎಂದಳು.

ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದೆ. ಮನೆಯಲ್ಲಿ ಸಂಘದ ಮೀಟಿಂಗು ಎಂದು ಹೇಳಿ ಬಂದಿದ್ದಳು. ಡಾಕ್ಟರರು ಹೆಗಲು ಹಿಡಿದು ಅತ್ತಿತ್ತ ತಿರುಗಿಸಿ, ಚಿತ್ರ ತೆಗೆಸಿ ನೋಡಿ, "ಏನು ಕೆಲಸ ಮಾಡ್ತೀರವಾ?" ಎಂದು ಕೇಳಿದರು.

"ಹಗಲೆಲ್ಲ ಉಣ್ಣಿ ಉರುಳಸ್ತೇನ್ರಿ. ಬೆಳಿಗ್ಗಿ ಸಂಜಿ ರೊಟ್ಟಿ ಬಡಿತೇನ್ರಿ. ಮನ್ಯಾಗ ಮಂದಿ ಭಾಳ."

"ಎರಡಕ್ಕೂ ಇದೇ ಹೆಗಲು. ಒಂದು ಬಿಡ್ರಿ. ಇಲ್ಲಂದ್ರ ಎರಡೂ ತಾನ ಬಿಡ್ತಾವು."

ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತೆವು. "ಮನ್ಯಾಗ ಹೇಳೋಣು" ಅಂದೆ.

"ಬ್ಯಾಡಕ್ಕಾ. ಹೇಳಿದ್ರ ಉಣ್ಣಿ ಬಿಡಸ್ತಾರ. ರೊಟ್ಟಿ ಬಿಡಸ್ತಾರೇನು?" ಎಂದಳು. ಎಡಗೈಯಿಂದ ಬಲಹೆಗಲು ಹಿಡಿದುಕೊಂಡು ಮತ್ತೆ ಹೇಳಿದಳು, "ಉಣ್ಣಿ ಬಿಟ್ರ ನಾ ಯಾರು? ಬರೇ ಹಾಜರಾಬಿ ಸೊಸಿ."

ಹಾಜರಾಬಿ ಅವಳ ಅತ್ತೆ. ಆ ಹೆಸರನ್ನು ಓಣಿಯಲ್ಲಿ ಗಂಡಸರೂ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು.

ನಾನು ಯಾರಿಗೂ ಹೇಳಲಿಲ್ಲ. ಆದರೆ ಕೂಡು ಒಲೆಯ ಮಾತು ಮಾತ್ರ ಹೆಣ್ಣುಮಕ್ಕಳಲ್ಲಿ ಹಬ್ಬಿತು. ಉರುಳಿಸುವಾಗ ಅದೇ ಮಾತು, ತೊಳೆಯುವಾಗ ಅದೇ ಮಾತು. ಅಡಚಣೆ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ನೇಕಾರರ ಸೊಸೆಯೊಬ್ಬಳು ನೆಲ ನೋಡುತ್ತ, "ನಮ್ಮ ಮನ್ಯಾಗ ತತ್ತೀನೂ ಮುಟ್ಟಂಗಿಲ್ಲ" ಎಂದಳು. ನದಾಫರ ಹೆಣ್ಣುಮಕ್ಕಳ ಕೈಗಳು ಸುರುಳಿಯ ಮೇಲೆ ನಿಂತವು. ಇಷ್ಟು ವರ್ಷ ಮೊಣಕೈಗೆ ಮೊಣಕೈ ಹಚ್ಚಿ ಒಂದೇ ಸುರುಳಿ ಉರುಳಿಸಿದವರು ಅವರು.

ಬಸವ್ವ ಉಣ್ಣೆಯಿಂದ ಮುಳ್ಳು ಕೀಳುತ್ತಿದ್ದವಳು ತಲೆಯೆತ್ತದೆ ಅಂದಳು, "ಅಲ್ಲಿ ಬರೇ ರೊಟ್ಟಿ. ಜ್ವಾಳದ ಹಿಟ್ಟು, ನೀರು. ಬ್ಯಾರೆ ಏನೂ ಒಳಗ ಬರಂಗಿಲ್ಲ. ಪಲ್ಯೆ, ಸಾರು, ಕೋಳಿ, ಕುರಿ, ಯಾರಿಗೆ ಏನು ಬೇಕೋ ಅವರವರ ಮನ್ಯಾಗ. ಜ್ವಾಳಕ್ಕ ಯಾವ ಜಾತಿ ಐತಿ?"

ನಂದಿತಾ ಮೇಡಮ್ಮಿನ ಬಣ್ಣದ ಪೆನ್ನುಗಳೆಲ್ಲ ಕೂಡಿದರೂ ಈ ಯೋಜನೆ ಬರುತ್ತಿರಲಿಲ್ಲ ಎಂದು ಬರೆಯಲು ನನಗೆ ಆಸೆಯಿದೆ. ಆದರೆ ನೆಲದ ಮೇಲೆ ಸುಣ್ಣ ಹಾಕಿಸಿದವರು ಅವರೇ. ಇದ್ದದ್ದು ಇದ್ದ ಹಾಗೆ ಹೇಳಬೇಕು.

ಗಂಡಸರಿಗೆ ಸುದ್ದಿ ಮುಟ್ಟಿತು. ಖಾತೂನಬಿಯ ಗಂಡ ದಸ್ತಗೀರ ಟಂಟಂ ಆಟೋ ಓಡಿಸುವವನು, ಒಳ್ಳೆಯವನೆಂದೇ ಹೆಸರು. ಅವನೇ ಮುಂದಾಗಿ ಆಫೀಸಿಗೆ ಬಂದ. "ನಾಳೆ ಮಂದಿ ಏನಂತಾರ? ಹೇಂತಿ ಇದ್ದೂ ಸಂಘದ ರೊಟ್ಟಿ ತಿಂತಾನ ಅಂತಾರ." ಪಾಟೀಲ ಸರ್ ಅವನಿಗೆ ಕುರ್ಚಿ ಕೊಟ್ಟು ಚಹಾ ತರಿಸಿದರು. ಸಂಘದ ಹೆಣ್ಣುಮಕ್ಕಳಿಗೆ ಅವರು ಎಂದೂ ಕುರ್ಚಿ ಕೊಟ್ಟದ್ದನ್ನು ನಾನು ನೋಡಿರಲಿಲ್ಲ. "ನೀವು ಚಿಂತಿ ಮಾಡಬ್ಯಾಡ್ರಿ. ಅದು ಮೌನ ಕೇಂದ್ರ ಅಂತ ಮಂಜೂರಾಗೇತಿ. ಮುಂದಿನ ಶಿಬಿರದಾಗ ಒಮ್ಮತದ ನಿರ್ಣಯ ತಗೊಂಡು ಮುಗಿಸಿಬಿಡ್ತೇವಿ" ಎಂದರು.

ಶಿಬಿರ ಚೊಳಚಗುಡ್ಡದಲ್ಲಿ, ಬನಶಂಕರಿ ಗುಡಿಯ ಹತ್ತಿರದ ಒಂದು ಸಭಾಭವನದಲ್ಲಿ. ಪಾಟೀಲ ಸರ್ ಬಂದು ದೀಪ ಹಚ್ಚಿ, ಬೆರಳು ಹೆಣೆದು ತೋರಿಸಿ, ಮೀಟಿಂಗಿದೆ ಎಂದು ಹೋದರು. ಮೊದಲ ದಿನ ನಕ್ಷೆ ನೋಡಿದೆವು. ಎರಡನೆಯ ದಿನ ಸಂಜೆ ಬಸ್ಸು ಬಂದು ನಿಂತಿತು. ನಂದಿತಾ ಮೇಡಂ ಕೇಳಿದರು, "ಹಾಗಾದರೆ ಮೌನ ಕೇಂದ್ರಕ್ಕೆ ಎಲ್ಲರ ಒಪ್ಪಿಗೆ ಇದೆಯಾ?"

ಬಸವ್ವ ಹೇಳಿದಳು, "ಒಮ್ಮತ ಬಂದಿಲ್ರಿ."

"ಮತ್ತೆ ಏನು ಮಾಡೋದು?"

"ಸಾಹೇಬ್ರು ಹೇಳ್ಯಾರಲ್ರಿ, ಒಮ್ಮತ ಬರೂತನಾ ಶಿಬಿರ ಮುಗಿಬಾರದಂತ. ಚಿಂತನಿ ಮಾಡ್ತೇವ್ರಿ."

ಖಾಲಿ ಬಸ್ಸು ವಾಪಸು ಹೋಯಿತು. ಪಾಟೀಲ ಸರ್ ಫೋನು ಬಂತು. "ಸುಶೀಲಾ ಅವರ, ಏನ್ರಿ ಇದು?"

"ಆಳವಾಗಿ ಚಿಂತನಿ ನಡದೈತ್ರಿ ಸರ್. ನಡುವ ಎಬ್ಬಸಾಕ ಬರಂಗಿಲ್ಲ."

"ಎಷ್ಟೊತ್ತು ಬೇಕು?"

"ಬಹುಮತ ಆಗಿದ್ರ ಈಗಿಂದೀಗ ಮುಗಸ್ತಿದ್ದೆ ಸರ್. ಒಮ್ಮತ ನೋಡ್ರಿ, ಅದು ತಡಾ ಆಕ್ಕೈತಿ." ನನ್ನ ನೌಕರಿಯುದ್ದಕ್ಕೂ ಅವರ ಶಬ್ದಗಳನ್ನು ಬರೆದುಕೊಂಡಿದ್ದೆ. ಅವು ಉಪಯೋಗಕ್ಕೆ ಬಂದದ್ದು ಅವತ್ತು.

ಮಾರನೆಯ ದಿನವೂ ನಮ್ಮವರು ನಿಧಾನವಾಗಿ ಎದ್ದು, ಎಣ್ಣೆ ಹಚ್ಚಿಕೊಂಡು ಹೆರಳು ಹಾಕಿಕೊಂಡರು. ಖಾತೂನಬಿಯ ಹೆರಳನ್ನು ಬಸವ್ವ ಹಾಕಿದಳು. ಆಮೇಲೆ ಗೋಲಾಗಿ ಕೂತು ಚಿಂತನೆ ಮಾಡಿದರು. ಮಧ್ಯಾಹ್ನ ಉಂಡು ಮತ್ತೆ ಚಿಂತನೆ ಮಾಡಿದರು. ಊರಿನಿಂದ ಒಂದೊಂದೇ ಫೋನು ಬರತೊಡಗಿತು. ಜೋಳದ ಹಿಟ್ಟು ಎಲ್ಲೈತಿ? ಹಂಚು ಎಲ್ಲೈತಿ? "ಖಾನಾವಳಿಯಿಂದ ರೊಟ್ಟಿ ತರಿಸಿದ್ವಿ, ದಪ್ಪ ಇದ್ವು, ಆದ್ರೂ ತಿಂದ್ವಿ" ಎಂದಿತು ಫೋನಿನ ಆಚೆಯ ಒಂದು ಗಂಡುದನಿ. ಆ ಕೊನೆಯ ಮಾತನ್ನು ಖಾತೂನಬಿ ಎಲ್ಲರಿಗೂ ಕೇಳುವ ಹಾಗೆ ಎರಡು ಸಲ ಹೇಳಿಸಿದಳು.

ಸಂಜೆಯ ಹೊತ್ತಿಗೆ ದಸ್ತಗೀರನ ಟಂಟಂ ಬಂತು. ಹಿಂದೆ ಇನ್ನಷ್ಟು ಗಂಡಸರು. ಸಿಟ್ಟಿನಿಂದಲೇ ಒಳಗೆ ಬಂದರು. ನಂದಿತಾ ಮೇಡಂ ಗಾಬರಿಯಾಗಿ ಎದ್ದು ನಿಂತರು. ಬಸವ್ವ ಜಮಖಾನದ ತುದಿ ಬಿಡಿಸಿ, "ಕೂಡ್ರಿ ಯಣ್ಣಾ. ಒಮ್ಮತಕ್ಕ ನಿಮ್ಮದೂ ಬೇಕು" ಎಂದಳು. ಅವರು ಕೂಡಲಿಲ್ಲ.

ದಸ್ತಗೀರ ಮತ್ತು ಖಾತೂನಬಿ ಮನೆಯಲ್ಲಿ ಜಗಳವಾಡುವುದು ಉರ್ದುವಿನಲ್ಲಿ. ಅವತ್ತು ಅವಳು ಕನ್ನಡದಲ್ಲಿ ಮಾತಾಡಿದಳು, ಎಲ್ಲರಿಗೂ ತಿಳಿಯಲಿ ಎಂದು.

"ಮನಿ ಒಲಿ ಆರಿದ್ರ ಅದಕ್ಕ ಮನಿ ಅಂತಾರೇನು?" ಎಂದ ಅವನು.

"ಒಲಿ ಯಾರು ಆರಸ್ತಾರ? ಪಲ್ಯೆ, ಸಾರು, ಚಾ ಎಲ್ಲಾ ಮನ್ಯಾಗ. ರೊಟ್ಟಿ ಅಷ್ಟ ಅಲ್ಲಿ. ಪಾಳಿ ಮ್ಯಾಲೆ ನಾಕು ಮಂದಿ ಬಡಿತಾರ, ಉಳಿದವರು ಉಣ್ಣಿ ಮಾಡ್ತಾರ."

"ಇಷ್ಟು ದಿನ ಇಲ್ಲದ್ದು ಈಗ ಯಾಕ ಬೇಕಾಗೇತಿ?"

ಖಾತೂನಬಿ ಅವನ ಮುಂದೆ ಹೋಗಿ ನಿಂತಳು. ಬಲಗೈ ಎತ್ತಿದಳು. ಎದೆಯ ಮಟ್ಟಕ್ಕೆ ನಿಂತಿತು. "ಇದರ ಮ್ಯಾಲೆ ನೀವ ಎತ್ತಿ ನೋಡ್ರಿ" ಎಂದಳು.

ಅವನು ತಮಾಷೆ ಎಂದುಕೊಂಡು ಮೊಣಕೈ ಹಿಡಿದು ಮೇಲೆತ್ತಿದ. ಅವಳ ಬಾಯಿಂದ ಬಂದ ಸದ್ದು ಕೇಳಿ ಕೈಬಿಟ್ಟ. ಹಿಂದಿದ್ದ ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು.

"ನನಗ್ಯಾಕ ಹೇಳಲಿಲ್ಲ?" ಎಂದ ದಸ್ತಗೀರ.

"ಹೇಳಿದ್ರ ಉಣ್ಣಿ ಬಿಡು ಅಂತಿದ್ರಿ."

ದಸ್ತಗೀರ ನೆಲ ನೋಡಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಅಂತಿದ್ನಿ" ಎಂದ. ಆಮೇಲೆ ಚಪ್ಪಲಿ ಬಿಟ್ಟು ಜಮಖಾನದ ಮೇಲೆ ಕೂತ. ಅವನು ಕೂತ ಮೇಲೆ ಉಳಿದವರೂ ಕೂತರು.

ನಡುವಿನ ಕಟ್ಟಡದಲ್ಲಿ ಕೂಡು ರೊಟ್ಟಿ ಒಲೆ ಎಂಬ ನಿರ್ಣಯವನ್ನು ನಂದಿತಾ ಮೇಡಂ ತಾವೇ ಬರೆದು, ಎರಡು ಸಲ ಗಟ್ಟಿಯಾಗಿ ಓದಿದರು. ಇಷ್ಟು ವರ್ಷಗಳಲ್ಲಿ ಅವರ ಶಿಬಿರದಲ್ಲಿ ನಿಜವಾಗಿ ಒಮ್ಮತ ಬಂದದ್ದು ಅದೇ ಮೊದಲು, ಅವರಿಗೆ ಅದು ಗೊತ್ತಿತ್ತು.

ಪಾಟೀಲ ಸರ್ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಅವರಿಗೇ ದಾರಿ ಹೊಳೆಯಿತು. ಕಟ್ಟಡ ಗುಂಡಗೇ ಇರಲಿ, ಬಾಗಿಲ ಮೇಲೆ 'ಮೌನ ಕೇಂದ್ರ' ಎಂದೇ ಬರೆಸೋಣ, ಒಳಗೆ ಏನು ನಡೆಯುತ್ತದೆಂದು ದಾನಿಗಳಿಗೆ 'ಸಮುದಾಯದ ಸಹಜ ಚಟುವಟಿಕೆ' ಎಂದು ತಿಳಿಸೋಣ. ಮೇಲಿದ್ದ ತೂತು ಹೊಗೆಗೆ ಅನುಕೂಲವಾಯಿತು. ಈಗ ಅವರು ಊರೂರು ತಿರುಗಿ ಈ ಯೋಜನೆಯ ಬಗ್ಗೆ ಭಾಷಣ ಮಾಡುತ್ತಾರೆ, ಮೂಲ ಕಲ್ಪನೆ ತಮಗೆ ಗಿರಿಧಾಮದಲ್ಲೇ ಬಂದಿತ್ತು ಎನ್ನುತ್ತಾರೆ. ಅನ್ನಲಿ. ಹೊಸಬರಿಗೆ ನನ್ನ ಮಾತು ಇಷ್ಟೇ: ಕೆಲಸ ಆಗಬೇಕೋ ಹೆಸರು ಬರಬೇಕೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಎರಡಕ್ಕೂ ಅರ್ಜಿ ಹಾಕಿದವರು ಇಲ್ಲಿ ಹೆಚ್ಚು ದಿನ ಉಳಿದಿಲ್ಲ.

ಎಲ್ಲ ಸುಸೂತ್ರವಾಯಿತೆಂದು ಹೇಳಲಾರೆ. ಹಾಜರಾಬಿ ಇವತ್ತಿನವರೆಗೂ ಸಂಘದ ರೊಟ್ಟಿ ಮುಟ್ಟಿಲ್ಲ. ತನಗೆ ಬೇಕಾದ ಎರಡು ರೊಟ್ಟಿಯನ್ನು ಮನೆಯಲ್ಲಿ ತಾನೇ ಬಡಿದುಕೊಳ್ಳು‌ತ್ತಾಳೆ, ಓಣಿಗೆಲ್ಲ ಕೇಳುವ ಹಾಗೆ. ಪಾಳಿಯ ಮೇಲೆ ಜಗಳಗಳು ಆಗುತ್ತವೆ. ಹಿಟ್ಟು ಯಾರ ಮನೆಯದು ಬಿಳುಪು, ಯಾರದು ಕಪ್ಪು ಎಂದೂ ಆಗುತ್ತವೆ. ಖಾತೂನಬಿಯ ಹೆಗಲು ಪೂರ್ತಿ ಬರಲಿಲ್ಲ. ತಡವಾಗಿತ್ತು. ವ್ಯಾಯಾಮ ಮಾಡಿ ಮಾಡಿ ಕೈ ಕಿವಿಯವರೆಗೆ ಏರುತ್ತದೆ, ಆದರೆ ಉರುಳಿಸುವ ಸಾಲಿನಲ್ಲಿ ಕೂಡಲು ಆಗುವುದಿಲ್ಲ. ಈಗ ಅವಳು ಉಣ್ಣೆಯನ್ನು ಪದರು ಹಾಸುತ್ತಾಳೆ, ಅಂಚು ಕಟ್ಟುತ್ತಾಳೆ, ಸಾಲಿನ ಮುಂದೆ ನಿಂತು ಬಾಯಿಂದಲೇ ಲಯ ಹಿಡಿಯುತ್ತಾಳೆ. ಮೊದಲ ಸಲ ನಡುವಿನ ಜಾಗದಲ್ಲಿ ಬೇರೊಬ್ಬಳು ಕೂತ ದಿನ ಅವಳು ಶೆಡ್ಡಿಗೆ ಬಂದಿರಲಿಲ್ಲ. ನಾನು ಕರೆಯಲು ಹೋಗಲೂ ಇಲ್ಲ. ಮಾರನೆಯ ದಿನ ತಾನೇ ಬಂದಳು, ಬಂದವಳೇ ಆ ಹುಡುಗಿಯ ಮೊಣಕೈ ತಿದ್ದಿದಳು.

ನನ್ನ ನೌಕರಿಯ ಕೊನೆಯ ವಾರ ಮರೋಳದ ರಸ್ತೆಯ ಕಾಲೋನಿಗೆ ಹೋದೆ. ಮಧ್ಯಾಹ್ನವಾಗಿತ್ತು. ಮೌನ ಕೇಂದ್ರದೊಳಗೆ ನಾಲ್ಕು ಕೈ ರೊಟ್ಟಿ ಬಡಿಯುವ ಸದ್ದು, ಅದರ ಮೇಲೆ ನಗು. ಖಾತೂನಬಿ ಹೊರಗಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು, ತೊಡೆಯ ಮೇಲೆ ತಾಟು. ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿಯನ್ನು ಒಬ್ಬಳು ತಂದು ಅವಳ ತಾಟಿಗೆ ಹಾಕಿದಳು. ಉಬ್ಬಿದ ಪದರು ಹರಿದಾಗ ಹಬೆ ಮುಖಕ್ಕೆ ಬಂತು. ಮದುವೆಯಾದ ದಿನದಿಂದ ಎಲ್ಲರದೂ ಆದ ಮೇಲೆ ತಣ್ಣಗಿನದು ತಿಂದವಳು. ನಾನು ಪಕ್ಕದಲ್ಲಿ ಕೂತೆ.

ಒಂದು ತುತ್ತು ತಿಂದು, ಅಗಿದು, ಒಳಗೆ ಮುಖ ಮಾಡಿ ಕೂಗಿದಳು, "ಯಾರಲೇ ಇದನ್ನ ಬಡದಾಕಿ? ದಪ್ಪ ಆಗೇತಿ!"

ಒಳಗಿನಿಂದ ಯಾರೋ ಏನೋ ಬೈದರು. ಅವಳು ಉಳಿದದ್ದನ್ನೂ ತಿಂದು, ತಾಟು ಮುಂದೆ ಚಾಚಿ, ಇನ್ನೊಂದು ಹಾಕಿಸಿಕೊಂಡಳು.